ಪಾಸ್‌ವರ್ಡಿಗೆ ತೆರೆದ ಬಾಗಿಲು, ಕೀಗೆ ತೆರೆಯಲಿಲ್ಲ: ಒಂದು ವಿಂಡೋಸ್ ಸರ್ವರಿನ ಪ್ರಕರಣ ಅಧ್ಯಯನ

ಬೆಂಗಳೂರಿನ ಒಂದು ಕಾರ್ಖಾನೆ. ಅಲ್ಲಿ ವಿಂಡೋಸ್ ಸರ್ವರ್ 2012 ಆರ್2 ಇರುವ ಒಂದು ಮಷಿನ್. ಸ್ಟೋರ್ಸ್ ಮತ್ತು ಬಿಲ್ಲಿಂಗ್ ಫೈಲುಗಳೆಲ್ಲ ಅದರಲ್ಲೇ. ರಾತ್ರಿ ಒಂದು ಲಿನಕ್ಸ್ ಮಷಿನ್ ಎಸ್‌ಎಸ್‌ಎಚ್ (ದೂರದ ಮಷಿನ್ನಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಮೂಲಕ ಅದರೊಳಗೆ ಬಂದು, ಆರ್‌ಸಿಂಕ್ ಅನ್ನುವ ನಕಲು ಮಾಡುವ ಪ್ರೋಗ್ರಾಮ್ ಓಡಿಸಿ, ಬದಲಾದ ಫೈಲುಗಳನ್ನು ಎಳೆದುಕೊಂಡು ಹೋಗುತ್ತದೆ. ವಿಂಡೋಸ್ ಕಡೆ ಈ ಎಸ್‌ಎಸ್‌ಎಚ್ ಬಾಗಿಲು ತೆರೆದಿಟ್ಟದ್ದು ಸಿಗ್‌ವಿನ್, ಅಂದರೆ ಲಿನಕ್ಸ್ ಥರದ ಪ್ರೋಗ್ರಾಮುಗಳನ್ನು ವಿಂಡೋಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. ಯಾವುದೋ ಕಾಲದಲ್ಲಿ ಯಾರೋ ಹಾಕಿ ಹೋದದ್ದು. ಕೆಲಸ ನಡೆಯುತ್ತಿತ್ತು, ಹಾಗಾಗಿ ಯಾರೂ ಮುಟ್ಟಿರಲಿಲ್ಲ. ಒಂದು ತಿಂಗಳ ವಿಂಡೋಸ್ ಪ್ಯಾಚ್ (ಅಪ್‌ಡೇಟ್) ಹಾಕಿ ಮಷಿನ್ ರೀಬೂಟ್ ಮಾಡಿದರು. ಆ ರಾತ್ರಿಯಿಂದ ಬ್ಯಾಕಪ್ ನಿಂತಿತು.

ಅಲ್ಲಿ ಐಟಿ ನೋಡಿಕೊಳ್ಳುವ ಹುಡುಗ ನನಗೆ ಫೋನ್ ಮಾಡಿದ. "ಸರ್, ಸರ್ವೀಸ್ ಓಡ್ತಾನೇ ಇದೆ. ನಾನು ಪುಟ್ಟಿಯಿಂದ ಒಳಗೆ ಹೋಗ್ತೀನಿ, ಏನೂ ತೊಂದರೆ ಇಲ್ಲ. ಬ್ಯಾಕಪ್ ಮಾತ್ರ ಆಗ್ತಿಲ್ಲ. ಲಿನಕ್ಸ್ ಕಡೆ ಕೀ ಹಾಳಾಗಿದೆ ಅನ್ಸುತ್ತೆ."

ಪುಟ್ಟಿ ಅಂದರೆ ಎಸ್‌ಎಸ್‌ಎಚ್ ಲಾಗಿನ್‌ಗೆ ಬಳಸುವ ಪ್ರೋಗ್ರಾಮ್, ಕೀ ಅಂದರೆ ಪಾಸ್‌ವರ್ಡಿನ ಬದಲು ತೋರಿಸುವ ಗುರುತಿನ ಫೈಲ್. ಹಾಗೆ ಅನಿಸುವುದು ಸಹಜ. ಪಾಸ್‌ವರ್ಡ್ ಕೊಟ್ಟರೆ ಲಾಗಿನ್ ಆಗುತ್ತದೆ, ಕೀ ಕೊಟ್ಟರೆ ಆಗುವುದಿಲ್ಲ ಅಂದರೆ ಯಾರಿಗಾದರೂ ಮೊದಲು ಕೀ ಮೇಲೇ ಅನುಮಾನ ಬರುತ್ತದೆ. ಅವನು ಹೊಸ ಕೀ ಜೋಡಿ ಮಾಡಿ ನೋಡಿದ್ದ. ಪರ್ಮಿಷನ್ ಸರಿ ಮಾಡಿ ನೋಡಿದ್ದ. ಏನೂ ಪ್ರಯೋಜನ ಆಗಿರಲಿಲ್ಲ.

ಆದರೆ ಒಂದು ಗುರುತು ಅಲ್ಲೇ ಇತ್ತು. ಕೀ ತಪ್ಪಿದ್ದರೆ ಎಸ್‌ಎಸ್‌ಎಚ್ ಸರ್ವರ್ ಅದನ್ನು ಒಪ್ಪುವುದಿಲ್ಲ, ಆಮೇಲೆ "ಸರಿ, ಪಾಸ್‌ವರ್ಡ್ ಕೊಡು" ಅನ್ನುತ್ತದೆ. ಇಲ್ಲಿ ಹಾಗಾಗುತ್ತಿರಲಿಲ್ಲ. ಕೀ ಮುಂದಿಟ್ಟ ತಕ್ಷಣ ಸಂಪರ್ಕವೇ ಕಡಿದು ಬೀಳುತ್ತಿತ್ತು. ಪಾಸ್‌ವರ್ಡ್ ಕೇಳುವಷ್ಟು ವ್ಯವಧಾನವೂ ಇಲ್ಲ. ಬೇಡ ಅನ್ನುವುದು ಬೇರೆ, ಅರ್ಧಕ್ಕೆ ಸತ್ತು ಬೀಳುವುದು ಬೇರೆ. ಹುಡುಗನ ಪುಟ್ಟಿಯಲ್ಲಿ ಕೀ ಹಾಕಿರಲಿಲ್ಲ, ನೇರ ಪಾಸ್‌ವರ್ಡೇ. ಅದಕ್ಕೇ ಅವನಿಗೆ ಎಲ್ಲ ಸರಿ ಕಾಣುತ್ತಿತ್ತು.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಷನ್ ಲಾಗ್ ನೋಡಿದೆವು. ಸಿಗ್‌ವಿನ್‌ನಲ್ಲಿ ಬೇರೆ ಸಿಸ್‌ಲಾಗ್ (ಲಾಗ್ ಬರೆಯುವ ಸರ್ವೀಸ್) ಓಡದಿದ್ದರೆ ಎಸ್‌ಎಸ್‌ಎಚ್‌ಡಿ, ಅಂದರೆ ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮ್, ತನ್ನ ಗೋಳನ್ನೆಲ್ಲ ಅಲ್ಲೇ ಬರೆದುಕೊಳ್ಳುತ್ತದೆ. ಪ್ರತಿ ರಾತ್ರಿಗೂ ಒಂದೇ ಸಾಲು: "ಫೇಟಲ್: ಸೆಟ್‌ಇಯುಐಡಿ", ಆಮೇಲೆ ಬ್ಯಾಕಪ್ ಅಕೌಂಟಿನ ನಂಬರು, ಆಮೇಲೆ "ಆಪರೇಷನ್ ನಾಟ್ ಪರ್ಮಿಟೆಡ್". ಅಂದರೆ ಎಸ್‌ಎಸ್‌ಎಚ್‌ಡಿ ತಾನು ಆ ಬ್ಯಾಕಪ್ ಬಳಕೆದಾರ ಆಗಲು ಹೊರಟಿದೆ. ವಿಂಡೋಸ್ "ನಿನಗೆ ಆ ಅಧಿಕಾರ ಇಲ್ಲ" ಅಂದಿದೆ. ಇಲ್ಲಿಗೆ ಕೀ ಮೇಲಿನ ಅನುಮಾನ ಮುಗಿಯಿತು.

ಬೇರೆಯವರ ವೇಷ ಹಾಕಲು ಏನು ಬೇಕು

ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್‌ಡಿ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನಾಗಿ, ಓಡುತ್ತದೆ. ರೂಟ್‌ಗೆ ಯಾರಾಗಬೇಕಾದರೂ ಒಂದು ಸಿಸ್ಟಮ್ ಕಾಲ್ ಸಾಕು. ನಂಬರ್ ಬದಲಾಯಿತು, ಮನುಷ್ಯ ಬದಲಾದ. ಪಾಸ್‌ವರ್ಡ್ ಗೊತ್ತಿರಬೇಕಾಗಿಲ್ಲ.

ವಿಂಡೋಸ್ ಎನ್‌ಟಿ ಹುಟ್ಟಿದ್ದೇ ಬೇರೆ ಲೆಕ್ಕದಲ್ಲಿ. ಅಲ್ಲಿ ನೀವು ಯಾರು ಅನ್ನುವುದನ್ನು ಹೇಳುವುದು ಟೋಕನ್. ಆಫೀಸಿನಲ್ಲಿ ಕೊರಳಿಗೆ ಹಾಕಿಕೊಳ್ಳುವ ಬ್ಯಾಡ್ಜ್ ಇದ್ದಂತೆ: ಹೆಸರು, ಯಾವ ಗುಂಪು, ಯಾವ ಯಾವ ಬಾಗಿಲಿಗೆ ಹಕ್ಕು, ಎಲ್ಲ ಅದರಲ್ಲೇ ಅಚ್ಚಾಗಿರುತ್ತದೆ. ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದರೆ ವಿಂಡೋಸ್ ತಾನೇ ಟೋಕನ್ ಕೊಡುತ್ತದೆ. ಎಸ್‌ಎಸ್‌ಎಚ್‌ಡಿ ಅದನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ. ಪಬ್ಲಿಕ್ ಕೀ ಲಾಗಿನ್‌ನಲ್ಲಿ ಪಾಸ್‌ವರ್ಡೇ ಇಲ್ಲ. ಕೀ ಸರಿಯಿದೆ ಅಂತ ಎಸ್‌ಎಸ್‌ಎಚ್‌ಡಿಗೆ ಗೊತ್ತು, ವಿಂಡೋಸ್‌ಗೆ ಅದರ ಗಂಧಗಾಳಿಯೂ ಇಲ್ಲ. ಹಾಗಾದರೆ ಟೋಕನ್ ಎಲ್ಲಿಂದ ಬರಬೇಕು?

ಸಿಗ್‌ವಿನ್ 1995ರಲ್ಲಿ ಸಿಗ್ನಸ್ ಸೊಲ್ಯೂಷನ್ಸ್ ಅನ್ನುವ ಕಂಪನಿಯಲ್ಲಿ ಶುರುವಾದದ್ದು. ಯೂನಿಕ್ಸ್ ಪ್ರೋಗ್ರಾಮುಗಳನ್ನು ವಿಂಡೋಸ್ ಮೇಲೆ ಓಡಿಸುವುದು ಅದರ ಉದ್ದೇಶ. ಟೋಕನ್ ಪ್ರಶ್ನೆಗೆ ಅದು ಬಹಳ ವರ್ಷ ಕೊಟ್ಟ ಉತ್ತರ: ನಾವೇ ಟೋಕನ್ ತಯಾರಿಸೋಣ. ವಿಂಡೋಸ್ ಒಳಗೆ ಅದಕ್ಕೊಂದು ಕರೆ ಇದೆ. ಆ ಕರೆ ಮಾಡಬೇಕಾದರೆ 'ಸೀ ಕ್ರಿಯೇಟ್ ಟೋಕನ್ ಪ್ರಿವಿಲೇಜ್' ಅನ್ನುವ ಹಕ್ಕು ಇರಬೇಕು. ವಿಂಡೋಸ್ 2000 ಮತ್ತು 32 ಬಿಟ್ ಎಕ್ಸ್‌ಪಿ ಕಾಲದಲ್ಲಿ ಲೋಕಲ್ ಸಿಸ್ಟಮ್ ಅನ್ನುವ ವಿಂಡೋಸ್‌ನದೇ ಒಳ ಅಕೌಂಟಿಗೆ ಈ ಹಕ್ಕು ಇತ್ತು. ಎಸ್‌ಎಸ್‌ಎಚ್‌ಡಿಯನ್ನು ಆ ಅಕೌಂಟಿನಲ್ಲಿ ಓಡಿಸಿದರೆ ಸಾಕಿತ್ತು. ಸರ್ವರ್ 2003ರಿಂದ ಮೈಕ್ರೋಸಾಫ್ಟ್ ಆ ಹಕ್ಕನ್ನು ಕಿತ್ತುಕೊಂಡಿತು. ಸುಮ್ನೆ ಅಲ್ಲ. ಈ ಹಕ್ಕು ಇದ್ದವರು ಯಾರ ಹೆಸರಿನ ಟೋಕನ್ ಬೇಕಾದರೂ ಮಾಡಿಕೊಳ್ಳಬಹುದು.

ಆಗ ಸಿಗ್‌ವಿನ್‌ಗೆ ಒಂದು ಹೊಸ ಅಕೌಂಟ್ ಬೇಕಾಯಿತು. ಅದೇ ಸಿಗ್_ಸರ್ವರ್.

ಅಕೌಂಟ್ ಹುಟ್ಟಿಸಿದ ಸ್ಕ್ರಿಪ್ಟ್

ಈ ಅಕೌಂಟನ್ನು ಕೈಯಿಂದ ಮಾಡುವುದು ತಲೆನೋವಿನ ಕೆಲಸ. ಅಕೌಂಟ್ ಮಾಡಬೇಕು, ಅಡ್ಮಿನ್ ಗುಂಪಿಗೆ ಸೇರಿಸಬೇಕು, ಸರಿಯಾದ ಹಕ್ಕುಗಳನ್ನು ಕೊಡಬೇಕು, ಸರ್ವೀಸ್ ನೋಂದಾಯಿಸಬೇಕು, ಫೈಲುಗಳ ಮಾಲೀಕತ್ವ ಬದಲಾಯಿಸಬೇಕು. ಎಸ್‌ಎಸ್‌ಎಚ್‌ಡಿಗೂ ಇದೇ ಪಾಡು, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ಗೂ ಇದೇ ಪಾಡು. ಅದಕ್ಕೆ ಸಿಗ್‌ವಿನ್‌ನವರು ಸಿಎಸ್‌ಐಎಚ್ ಅನ್ನುವ ಒಂದು ಪ್ಯಾಕೇಜ್ ಮಾಡಿದರು. ಸರ್ವೀಸ್ ಹಾಕುವ ಸ್ಕ್ರಿಪ್ಟುಗಳಿಗೆ ಬೇಕಾದ ಶೆಲ್ ಫಂಕ್ಷನ್ನುಗಳ ಗಂಟು ಅದು. ಎಸ್‌ಎಸ್‌ಎಚ್‌ಡಿ ಹಾಕುವ ಎಸ್‌ಎಸ್‌ಎಚ್-ಹೋಸ್ಟ್-ಕಾನ್ಫಿಗ್‌ನಂಥ ಸ್ಕ್ರಿಪ್ಟು ಇದನ್ನು ಒಳಗೆ ಎಳೆದುಕೊಂಡು, "ಒಂದು ವಿಶೇಷ ಅಕೌಂಟ್ ಮಾಡಿಕೊಡು" ಅಂತ ಒಂದೇ ಸಾಲಿನಲ್ಲಿ ಕೇಳುತ್ತದೆ.

ಇದನ್ನು ಓಡಿಸಿದವರಿಗೆ ಅದರ ಮುಖ ನೆನಪಿರುತ್ತದೆ. ಪ್ರತಿ ಸಾಲಿನ ಮುಂದೆ ಮೂರು ನಕ್ಷತ್ರ, ಆಮೇಲೆ ಇನ್ಫೋ, ಕ್ವೆರಿ ಅಥವಾ ವಾರ್ನಿಂಗ್. ಪ್ರಶ್ನೆಗೆ ಬರೀ ವೈ ಒತ್ತಿದರೆ ಸಾಲದು, ಪೂರ್ತಿ ಯೆಸ್ ಅಂತ ಬರೆಯಬೇಕು. ಸರ್ವರ್ 2003 ಅಥವಾ ಅದರ ನಂತರದ ವಿಂಡೋಸ್ ಅಂತ ಗೊತ್ತಾದರೆ, ಪಾಸ್‌ವರ್ಡ್ ಇಲ್ಲದೆ ಬಳಕೆದಾರರನ್ನು ಬದಲಾಯಿಸಲು ಲೋಕಲ್ ಸಿಸ್ಟಮ್ ಸಾಲದು ಅಂತ ವಿವರಿಸುತ್ತದೆ. ಸಿಗ್_ಸರ್ವರ್ ಅನ್ನುವ ಹೆಸರು ಆಗುತ್ತಾ ಅಂತ ಕೇಳುತ್ತದೆ. ಪಾಸ್‌ವರ್ಡ್ ಎರಡು ಸಲ ಬರೆಸಿಕೊಳ್ಳುತ್ತದೆ.

ಈ ಸ್ಕ್ರಿಪ್ಟ್ ಬರೆದವರ ಎಚ್ಚರವನ್ನು ಮೆಚ್ಚಬೇಕು. ಒಂದು ಉದಾಹರಣೆ ಹೇಳುತ್ತೇನೆ. ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಹೆಸರು ಎಲ್ಲ ವಿಂಡೋಸ್‌ನಲ್ಲೂ ಒಂದೇ ಅಲ್ಲ. ಜರ್ಮನ್ ವಿಂಡೋಸ್‌ನಲ್ಲಿ ಅದು ಆಡ್ಮಿನಿಸ್ಟ್ರಾಟೋರೆನ್. ಹಾಗಾಗಿ ಸ್ಕ್ರಿಪ್ಟು ಹೆಸರನ್ನು ನಂಬುವುದಿಲ್ಲ. ಎಸ್-1-5-32-544 ಅನ್ನುವ ಗುರುತಿನ ಸಂಖ್ಯೆ ಹಿಡಿದು, ಈ ಮಷಿನ್ನಿನಲ್ಲಿ ಅದರ ಹೆಸರೇನು ಅಂತ ಹುಡುಕಿಕೊಳ್ಳುತ್ತದೆ. ಪಾಸ್‌ವರ್ಡಿಗೆ ಅವಧಿ ಮುಗಿಯದಂತೆ ಮಾಡುತ್ತದೆ. ಅದು ಆಗದಿದ್ದರೆ "ನೀವೇ ನೋಡಿಕೊಳ್ಳಿ" ಅಂತ ಎಚ್ಚರಿಸುತ್ತದೆ. ಆಮೇಲೆ ಎಡಿಟ್‌ರೈಟ್ಸ್ ಅನ್ನುವ ಚಿಕ್ಕ ಪ್ರೋಗ್ರಾಮನ್ನು ಕರೆದು ಹಕ್ಕುಗಳನ್ನು ಒಂದೊಂದಾಗಿ ಕೊಡುತ್ತದೆ: ಟೋಕನ್ ತಯಾರಿಸುವುದು, ಪ್ರೋಸೆಸ್ಸಿಗೆ ಟೋಕನ್ ತೊಡಿಸುವುದು, ಆಪರೇಟಿಂಗ್ ಸಿಸ್ಟಮ್ಮಿನ ಭಾಗವಾಗಿ ನಡೆದುಕೊಳ್ಳುವುದು, ಸರ್ವೀಸ್ ಆಗಿ ಲಾಗಿನ್ ಆಗುವುದು. ಜೊತೆಗೆ ಒಂದು ನಿಷೇಧವನ್ನೂ ಹಾಕುತ್ತದೆ. ಈ ಅಕೌಂಟಿನಲ್ಲಿ ಯಾರೂ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬರುವಂತಿಲ್ಲ.

ಕೊನೆಗೆ ಒಂದು ಮಾತು ಹೇಳಿ ಮುಗಿಸುತ್ತದೆ: ಈ ಅಕೌಂಟಿನ ಪಾಸ್‌ವರ್ಡ್ ಬದಲಾಯಿಸಿದರೆ, ಇದನ್ನು ಬಳಸುವ ಸರ್ವೀಸುಗಳಲ್ಲೂ ಬದಲಾಯಿಸಲು ಮರೆಯಬೇಡಿ. ಈ ಮಾತು ಇಲ್ಲಿ ಮುಂದೆ ಬರುತ್ತದೆ.

ಅಷ್ಟಾದ ಮೇಲೆ ಸಿಗ್‌ರನ್‌ಸರ್ವ್ ಅನ್ನುವ ಪ್ರೋಗ್ರಾಮ್ ಎಸ್‌ಎಸ್‌ಎಚ್‌ಡಿಯನ್ನು ವಿಂಡೋಸ್ ಸರ್ವೀಸ್ ಆಗಿ ನೋಂದಾಯಿಸುತ್ತದೆ. ಸ್ಕ್ರಿಪ್ಟಿನ ಕೆಲಸ ಅಲ್ಲಿಗೆ ಮುಗಿಯಿತು. ಅದು ಮತ್ತೆ ಎದ್ದು ಬಂದು, ತಾನು ಕೊಟ್ಟ ಹಕ್ಕುಗಳು ಇನ್ನೂ ಇವೆಯಾ ಅಂತ ನೋಡುವುದಿಲ್ಲ. ಹಾಕುವುದಕ್ಕೆ ಇಷ್ಟೆಲ್ಲ ಜಾಣತನ ಇರುವ ಈ ಸ್ಕ್ರಿಪ್ಟಿನಲ್ಲಿ, ಹಾಕಿದ್ದನ್ನು ತೆಗೆಯುವ ಆಯ್ಕೆಯೂ ಇಲ್ಲ. ನನಗೆ ಇದರ ಮೇಲಿರುವ ದೂರು ಇದೊಂದೇ. ಈ ದೂರು ಇಂಥ ಬಹುತೇಕ ಸ್ಕ್ರಿಪ್ಟುಗಳ ಮೇಲೂ ಇದೆ.

ಹಕ್ಕು ಇಲ್ಲ, ಆದರೂ ಕೆಲಸ ನಡೆಯುತ್ತಿದೆ

ಎಡಿಟ್‌ರೈಟ್ಸ್‌ಗೆ ಪಟ್ಟಿ ತೋರಿಸು ಅಂತ ಹೇಳಿದೆವು. ಸಿಗ್_ಸರ್ವರ್‌ಗೆ ಸರ್ವೀಸ್ ಲಾಗಿನ್ ಇತ್ತು, ಉಳಿದವೂ ಇದ್ದವು, ಟೋಕನ್ ತಯಾರಿಸುವ ಹಕ್ಕು ಮಾತ್ರ ಇರಲಿಲ್ಲ. ಪಾಸ್‌ವರ್ಡ್ ಲಾಗಿನ್ ಯಾಕೆ ನಡೆಯುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿತು. ಅಲ್ಲಿ ಟೋಕನ್ ವಿಂಡೋಸ್ ಕೊಡುತ್ತದೆ, ತಯಾರಿಸುವ ಗೋಜೇ ಇಲ್ಲ.

ಅದೇ ಎಡಿಟ್‌ರೈಟ್ಸ್‌ನಿಂದ ಆ ಹಕ್ಕನ್ನು ಮತ್ತೆ ಸೇರಿಸಿ ಸರ್ವೀಸ್ ರೀಸ್ಟಾರ್ಟ್ ಮಾಡಿದೆವು. ಕೀ ಲಾಗಿನ್ ತಕ್ಷಣ ಆಯಿತು. ರಾತ್ರಿ ಬ್ಯಾಕಪ್ ಓಡಿತು. ಹುಡುಗ ಖುಷಿಯಾಗಿ "ಮುಗೀತಲ್ವಾ ಸರ್" ಅಂದ.

ಮುಗಿದಿರಲಿಲ್ಲ. ಹಕ್ಕು ತಾನಾಗಿ ಮಾಯವಾಗುವ ವಸ್ತು ಅಲ್ಲ. ಮರುದಿನ ಪಟ್ಟಿ ಮತ್ತೆ ನೋಡಿದಾಗ ಆ ಸಾಲು ಪುನಃ ಇರಲಿಲ್ಲ. ವಿಚಿತ್ರ ಏನೆಂದರೆ, ಕೀ ಲಾಗಿನ್ ಇನ್ನೂ ಸರಾಗವಾಗಿ ನಡೆಯುತ್ತಿತ್ತು.

ಈ ಪ್ರಕರಣದ ಒಗಟು ಬಿಡಿಸಿದ್ದು ಇದೇ. ಟೋಕನ್ ಅಚ್ಚಾಗುವುದು ಲಾಗಿನ್ ಆಗುವ ಗಳಿಗೆಯಲ್ಲಿ. ಸರ್ವೀಸ್ ಶುರುವಾದಾಗ ಸಿಗ್_ಸರ್ವರ್‌ಗೆ ಯಾವ ಹಕ್ಕು ಇತ್ತೋ ಅದು ಆ ಟೋಕನ್‌ನಲ್ಲಿ ಕೂತುಬಿಡುತ್ತದೆ. ಆಮೇಲೆ ಪಟ್ಟಿಯಿಂದ ಹೆಸರು ತೆಗೆದರೂ ಓಡುತ್ತಿರುವ ಸರ್ವೀಸಿಗೆ ಏನೂ ಆಗುವುದಿಲ್ಲ. ರೀಸ್ಟಾರ್ಟ್ ಆದಾಗ ಮಾತ್ರ ಹೊಸ ಟೋಕನ್ ಬರುತ್ತದೆ, ಹಕ್ಕು ಇಲ್ಲದ ಟೋಕನ್. ಹಾಗಾಗಿ ಹಕ್ಕು ಹೋದ ದಿನಕ್ಕೂ ಕೆಲಸ ಕೆಟ್ಟ ದಿನಕ್ಕೂ ಸಂಬಂಧವೇ ಕಾಣುವುದಿಲ್ಲ. ಪ್ಯಾಚ್ ಹಾಕಿದ್ದಕ್ಕೆ ಕೆಟ್ಟಿತು ಅಂತ ಎಲ್ಲರೂ ಪ್ಯಾಚ್ ಮೇಲೆ ಗೂಬೆ ಕೂರಿಸುತ್ತಾರೆ. ಪ್ಯಾಚ್ ಪಾಪದ್ದು, ಅದು ಮಾಡಿದ್ದು ರೀಬೂಟ್ ಅಷ್ಟೇ.

ಹಾಗಾದರೆ ತೆಗೆದದ್ದು ಯಾರು? ಸೆಕ್ಯುರಿಟಿ ಲಾಗ್‌ನಲ್ಲಿ ಎರಡು ಈವೆಂಟ್ ನಂಬರುಗಳನ್ನು ಹುಡುಕಬೇಕು. 4704 ಅಂದರೆ ಒಬ್ಬರಿಗೆ ಹಕ್ಕು ಕೊಡಲಾಯಿತು. 4705 ಅಂದರೆ ಹಕ್ಕು ತೆಗೆಯಲಾಯಿತು. ಆಡಿಟ್ ಆನ್ ಇದ್ದದ್ದು ನಮ್ಮ ಪುಣ್ಯ. ನಾವು ಹಗಲು ಕೊಟ್ಟದ್ದು 4704 ಆಗಿ ಹುಡುಗನ ಹೆಸರಿನಲ್ಲಿತ್ತು. ಅದೇ ರಾತ್ರಿ ಒಂದು 4705. ಮಾಡಿದವರ ಜಾಗದಲ್ಲಿ ಮನುಷ್ಯರ ಹೆಸರಿಲ್ಲ, ಮಷಿನ್ನಿನದೇ ಹೆಸರು. ಮಷಿನ್ ತನ್ನ ಕೈಯಿಂದಲೇ ತೆಗೆದಿದೆ ಅಂದರೆ ಹೇಳಿಸಿದ್ದು ಬಹುತೇಕ ಗ್ರೂಪ್ ಪಾಲಿಸಿ, ಅಂದರೆ ಕಂಪನಿಯ ಮಷಿನ್ನುಗಳಿಗೆ ಒಂದೇ ಕಡೆಯಿಂದ ಹೇರುವ ನಿಯಮಗಳು.

ಯಾವ ಪಾಲಿಸಿ ಬಂದಿದೆ ಅಂತ ತೋರಿಸುವ ಜಿಪಿರಿಸಲ್ಟ್ ವರದಿ ತೆಗೆದಾಗ ಅನುಮಾನ ಖಚಿತವಾಯಿತು. ಡೊಮೈನ್ (ಕಂಪನಿಯ ವಿಂಡೋಸ್ ಮಷಿನ್ನುಗಳ ಜಾಲ) ನೋಡಿಕೊಳ್ಳುವ ತಂಡ ಸರ್ವರುಗಳನ್ನು ಬಿಗಿ ಮಾಡುವ ಕೆಲಸ ಶುರು ಮಾಡಿತ್ತು. ಒಂದೇ ಸಲಕ್ಕೆ ಎಲ್ಲವನ್ನೂ ಹಾಕದೆ, ಜಾಸ್ತಿ ಅಪಾಯದ ಸಾಲುಗಳಿಂದ ಹೊರಟಿದ್ದರು. ಅದರಲ್ಲಿ ಒಂದು ಸಾಲು 'ಕ್ರಿಯೇಟ್ ಎ ಟೋಕನ್ ಆಬ್ಜೆಕ್ಟ್'. ಅದನ್ನು ಖಾಲಿ ಬಿಟ್ಟಿದ್ದರು, ಅಂದರೆ ಯಾರಿಗೂ ಇಲ್ಲ. ಅವರು ಮಾಡಿದ್ದು ಸರಿಯೇ. ಸೆಕ್ಯುರಿಟಿ ಸೆಟ್ಟಿಂಗುಗಳಿಗೆ ಮಾನದಂಡ ಹೇಳುವ ಸಿಐಎಸ್ ಬೆಂಚ್‌ಮಾರ್ಕೂ ಅದನ್ನೇ ಹೇಳುತ್ತದೆ. ಮೈಕ್ರೋಸಾಫ್ಟಿನ ಸಲಹೆಯೂ ಅದೇ.

ಒಂದು ಸೂಕ್ಷ್ಮ ಇಲ್ಲಿದೆ. ಗ್ರೂಪ್ ಪಾಲಿಸಿಯಲ್ಲಿ ಈ ಹಕ್ಕುಗಳ ಪಟ್ಟಿ ಮಷಿನ್ನಿನಲ್ಲಿ ಇರುವ ಪಟ್ಟಿಗೆ ಸೇರಿಕೊಳ್ಳುವುದಿಲ್ಲ, ಅದನ್ನು ಅಳಿಸಿ ತಾನು ಕೂರುತ್ತದೆ. ಎಡಿಟ್‌ರೈಟ್ಸ್ ಬರೆಯುವುದು ಮಷಿನ್ನಿನ ಪಟ್ಟಿಯಲ್ಲಿ. ಪಾಲಿಸಿ ಬದಲಾದರೆ ಮಷಿನ್ನು ಅದನ್ನು 90 ನಿಮಿಷದಲ್ಲಿ, ಜೊತೆಗೆ 30 ನಿಮಿಷದವರೆಗಿನ ಹೆಚ್ಚುಕಮ್ಮಿಯೊಂದಿಗೆ, ತಂದುಕೊಳ್ಳುತ್ತದೆ. ಪಾಲಿಸಿ ಬದಲಾಗದಿದ್ದರೂ ಸೆಕ್ಯುರಿಟಿ ಭಾಗವನ್ನು 16 ಗಂಟೆಗೊಮ್ಮೆ ಮತ್ತೆ ಹೇರುತ್ತದೆ. ನಾವು ಹಗಲು ಕೊಟ್ಟ ಹಕ್ಕು ರಾತ್ರಿ ಹೋದದ್ದು ಹೀಗೆ. ಹೀಗೇ ಬಿಟ್ಟಿದ್ದರೆ ಪ್ರತಿ ತಿಂಗಳ ಪ್ಯಾಚ್ ಆದ ಮೇಲೆ ಬ್ಯಾಕಪ್ ನಿಲ್ಲುತ್ತಿತ್ತು, ಯಾರೋ ಹಕ್ಕು ಸೇರಿಸಿ ರೀಸ್ಟಾರ್ಟ್ ಮಾಡುತ್ತಿದ್ದರು, ಇನ್ನೊಂದು ತಿಂಗಳು ನಡೆಯುತ್ತಿತ್ತು.

ನಡುವೆ ಬಿದ್ದ ಇನ್ನೊಂದು ಗಂಟು

ಫೋನ್ ಮಾಡುವ ಮೊದಲು ಹುಡುಗ ಇನ್ನೊಂದು ಪ್ರಯತ್ನ ಮಾಡಿದ್ದ. ಸರ್ವೀಸಸ್ ಕಿಟಕಿಯಲ್ಲಿ ಎಸ್‌ಎಸ್‌ಎಚ್‌ಡಿಯ ಅಕೌಂಟನ್ನು ಲೋಕಲ್ ಸಿಸ್ಟಮ್‌ಗೆ ಬದಲಾಯಿಸಿದ್ದ. ಆಗ ಸರ್ವೀಸ್ ಏಳಲೇ ಇಲ್ಲ. ಲಾಗ್‌ನಲ್ಲಿ ಬಂದ ಸಾಲು ಸಿಗ್‌ವಿನ್ ಬಳಸಿದವರಿಗೆ ಹಳೆಯ ಗೆಳೆಯ: ವಾರ್ ಎಂಪ್ಟಿ ಡೈರೆಕ್ಟರಿಯ ಮಾಲೀಕ ರೂಟ್ ಆಗಿರಬೇಕು, ಗುಂಪಾಗಲಿ ಬೇರೆಯವರಾಗಲಿ ಅದರಲ್ಲಿ ಬರೆಯುವಂತಿರಬಾರದು. ವಿಂಡೋಸ್‌ನಲ್ಲಿ ರೂಟ್ ಎಲ್ಲಿಂದ ಬರಬೇಕು ಅಂತ ಹುಡುಗ ಕಂಗಾಲಾಗಿದ್ದ. ಅಲ್ಲಿ ರೂಟ್ ಅಂದರೆ ಸರ್ವೀಸ್ ಯಾವ ಅಕೌಂಟಿನಲ್ಲಿ ಓಡುತ್ತದೋ ಆ ಅಕೌಂಟ್ ಅಂತ ಅರ್ಥ. ಇನ್‌ಸ್ಟಾಲ್ ಮಾಡುವಾಗ ಸ್ಕ್ರಿಪ್ಟು ಆ ಡೈರೆಕ್ಟರಿಯನ್ನೂ ಹೋಸ್ಟ್ ಕೀಗಳನ್ನೂ (ಸರ್ವರಿನ ಗುರುತಿನ ಕೀಗಳು) ಸಿಗ್_ಸರ್ವರ್ ಹೆಸರಿಗೆ ಬರೆದುಕೊಟ್ಟಿತ್ತು. ಕಿಟಕಿಯಲ್ಲಿ ಅಕೌಂಟ್ ಬದಲಾಯಿಸಿದರೆ ಫೈಲುಗಳ ಮಾಲೀಕ ಬದಲಾಗುವುದಿಲ್ಲವಲ್ಲ. ಅಂದಹಾಗೆ ಮಾಲೀಕನನ್ನು ಸರಿ ಮಾಡಿದ್ದರೂ ಪ್ರಯೋಜನ ಆಗುತ್ತಿರಲಿಲ್ಲ. ಅಲ್ಲಿದ್ದ ಹಳೆಯ ಸಿಗ್‌ವಿನ್‌ಗೆ ಟೋಕನ್ ತಯಾರಿಸುವ ಹಕ್ಕು ಬೇಕೇ ಬೇಕು, ಲೋಕಲ್ ಸಿಸ್ಟಮ್‌ಗೆ ಅದು ಇಲ್ಲ.

ಹುಡುಗ ಅಕೌಂಟನ್ನು ವಾಪಸ್ ಸಿಗ್_ಸರ್ವರ್‌ಗೆ ಬದಲಾಯಿಸಲು ಹೋದ. ಕಿಟಕಿ ಪಾಸ್‌ವರ್ಡ್ ಕೇಳಿತು. ಅದು ಯಾರಿಗೂ ಗೊತ್ತಿಲ್ಲ. ಹಾಕಿದವರು ಕೆಲಸ ಬಿಟ್ಟು ಹೋಗಿದ್ದರು. ಹೊಸ ಪಾಸ್‌ವರ್ಡ್ ಕೊಟ್ಟು, ಅದನ್ನೇ ಸರ್ವೀಸಿನಲ್ಲೂ ಬರೆದ. ಎಸ್‌ಎಸ್‌ಎಚ್‌ಡಿ ಎದ್ದಿತು.

ಸ್ಕ್ರಿಪ್ಟು ಕೊನೆಯಲ್ಲಿ ಹೇಳಿದ ಮಾತು ಇಲ್ಲಿ ಬಂತು. ಸಿಗ್‌ರನ್‌ಸರ್ವ್‌ಗೆ ಎಲ್ಲ ಸರ್ವೀಸುಗಳ ಪಟ್ಟಿ ಕೇಳಿದಾಗ ಕ್ರಾನ್ ಕೂಡ ಸಿಗ್_ಸರ್ವರ್ ಹೆಸರಿನಲ್ಲೇ ಓಡುತ್ತಿರುವುದು ಕಂಡಿತು. ಅದರ ಹತ್ತಿರ ಇದ್ದದ್ದು ಹಳೆಯ ಪಾಸ್‌ವರ್ಡ್. ಹಳೆಯ ಟೋಕನ್ ಹಿಡಿದುಕೊಂಡು ಇನ್ನೂ ಓಡುತ್ತಿತ್ತು. ನಿಲ್ಲಿಸಿ ಮತ್ತೆ ಶುರು ಮಾಡಿದರೆ ವಿಂಡೋಸ್ 1069 ಅಂದಿತು, ಅಂದರೆ ಲಾಗಿನ್ ವಿಫಲ. ಆ ಕ್ರಾನ್ ಹಳೆಯ ಲಾಗ್‌ಗಳನ್ನು ಅಳಿಸಿ ಡಿಸ್ಕ್ ಖಾಲಿ ಇಡುತ್ತಿತ್ತು. ಮುಂದಿನ ರೀಬೂಟ್ ಆದ ಮೇಲೆ ಸದ್ದಿಲ್ಲದೆ ನಿಂತು, ಯಾವತ್ತೋ ಒಂದು ದಿನ ಡಿಸ್ಕ್ ತುಂಬಿ ಬಿಲ್ಲಿಂಗ್ ನಿಂತಾಗ ಗೊತ್ತಾಗುತ್ತಿತ್ತು.

ಎದುರಿಗಿದ್ದ ದಾರಿಗಳು

ಹುಡುಗನ ಸಲಹೆ ಸರಳವಾಗಿತ್ತು. ಗಂಟೆಗೊಮ್ಮೆ ಹಕ್ಕು ಸೇರಿಸುವ ಒಂದು ಷೆಡ್ಯೂಲ್ಡ್ ಟಾಸ್ಕ್ ಹಾಕಿಬಿಡೋಣ. ಕೆಲಸ ನಡೆಯುತ್ತದೆ, ನಿಜ. ಆದರೆ ಅದು ಕಂಪನಿಯ ಸೆಕ್ಯುರಿಟಿ ಪಾಲಿಸಿಯ ಜೊತೆ ದಿನವೂ ಹಗ್ಗಜಗ್ಗಾಟ. ಆಡಿಟ್ ಮಾಡುವವರ ಕಣ್ಣಿಗೆ ಆ 4704, 4705 ಜೋಡಿಗಳು ಬಿದ್ದರೆ ಒಳಗಿನವರೇ ಏನೋ ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಬೇಡ ಅಂದೆ.

ಪಾಲಿಸಿಯಲ್ಲಿ ಈ ಮಷಿನ್ನಿಗೆ ವಿನಾಯಿತಿ ಕೇಳಬಹುದಿತ್ತು. ಡೊಮೈನ್ ತಂಡ ಕೊಡುತ್ತಿತ್ತೋ ಏನೋ. ಆದರೆ ಬಿಲ್ಲಿಂಗ್ ಡೇಟಾ ಇರುವ ಮಷಿನ್ನಿನಲ್ಲಿ ಅಷ್ಟು ದೊಡ್ಡ ಹಕ್ಕನ್ನು ಬ್ಯಾಕಪ್‌ಗೋಸ್ಕರ ಇಟ್ಟುಕೊಳ್ಳುವುದು ನನಗೆ ಸರಿಕಾಣಲಿಲ್ಲ.

ಮೂರನೆಯದು ಸಿಗ್‌ವಿನ್‌ನಲ್ಲೇ ಇರುವ ಹಳೆಯ ಉಪಾಯ. ಪಾಸ್‌ಡಬ್ಲ್ಯೂಡಿ ಕಮಾಂಡಿಗೆ ದೊಡ್ಡ ಆರ್ ಕೊಟ್ಟರೆ ಬಳಕೆದಾರನ ಪಾಸ್‌ವರ್ಡನ್ನು ರಿಜಿಸ್ಟ್ರಿಯ ಒಂದು ಒಳಕೋಣೆಯಲ್ಲಿ ಇಟ್ಟುಕೊಳ್ಳುತ್ತದೆ. ಕೀ ಲಾಗಿನ್ ಬಂದಾಗ ಸಿಗ್‌ವಿನ್ ಆ ಪಾಸ್‌ವರ್ಡಿನಿಂದ ನಿಜವಾದ ಲಾಗಿನ್ ಮಾಡಿಸುತ್ತದೆ. ಟೋಕನ್ ತಯಾರಿಸುವ ಹಕ್ಕು ಬೇಡ. ನೆಟ್‌ವರ್ಕ್ ಡ್ರೈವುಗಳೂ ಸಿಗುತ್ತವೆ, ಕೈಯಲ್ಲಿ ಮಾಡಿದ ಟೋಕನ್‌ನಲ್ಲಿ ಅವು ಸಿಗುತ್ತಿರಲಿಲ್ಲ. ಆದರೆ ಅಡ್ಮಿನ್ ಆದವರು ಆ ಪಾಸ್‌ವರ್ಡನ್ನು ಹೊರಗೆ ತೆಗೆಯಬಹುದು. ಬಳಕೆದಾರನ ಪಾಸ್‌ವರ್ಡ್ ಬದಲಾದಾಗಲೆಲ್ಲ ಮತ್ತೆ ಬರೆಯಬೇಕು.

ಮೈಕ್ರೋಸಾಫ್ಟಿನ ಸ್ವಂತ ಓಪನ್‌ಎಸ್‌ಎಸ್‌ಎಚ್ ಹಾಕಿದರೆ ಅಂತಲೂ ಯೋಚನೆ ಬಂತು. ಅದು ಸರ್ವರ್ 2019ರಿಂದ ವಿಂಡೋಸ್ ಜೊತೆಗೇ ಸಿಗುತ್ತದೆ, ಹಳೆಯದಕ್ಕೆ ಬೇರೆಯಾಗಿ ಹಾಕಬೇಕು. ಆದರೆ ಅದರಲ್ಲಿ ಆರ್‌ಸಿಂಕ್ ಇಲ್ಲ. ಆರ್‌ಸಿಂಕ್‌ಗೋಸ್ಕರ ಸಿಗ್‌ವಿನ್ ಹೇಗೂ ಉಳಿಸಿಕೊಳ್ಳಬೇಕು. ಎರಡೆರಡು ಯಾಕೆ ಅಂತ ಬಿಟ್ಟೆವು.

ಉಳಿದದ್ದು ಸಿಗ್‌ವಿನ್ ಹೊಸದು ಮಾಡುವುದು. ಫೆಬ್ರವರಿ 2019ರಲ್ಲಿ ಬಂದ 3.0 ಆವೃತ್ತಿಯಲ್ಲಿ ಕೊರಿನ್ನಾ ವಿನ್ಶೆನ್ ಈ ಟೋಕನ್ ಕಥೆಯನ್ನೇ ಬದಲಾಯಿಸಿದರು. ಅವರು ಸಿಗ್‌ವಿನ್ ಯೋಜನೆಯನ್ನು ವರ್ಷಗಳ ಕಾಲ ಮುನ್ನಡೆಸಿದವರು. ವಿಂಡೋಸ್‌ನಲ್ಲಿ ಎಸ್4ಯು ಅನ್ನುವ ಒಂದು ದಾರಿ ಇದೆ. ನಂಬಿಕೆಯ ಸರ್ವೀಸ್ ಒಂದು, "ಇಂಥ ಬಳಕೆದಾರನನ್ನು ನಾನು ಪರೀಕ್ಷಿಸಿದ್ದೇನೆ, ಅವನ ಟೋಕನ್ ಕೊಡು" ಅಂತ ವಿಂಡೋಸನ್ನೇ ಕೇಳಬಹುದು. ಟೋಕನ್ ತಯಾರಿಸುವುದು ವಿಂಡೋಸ್, ಕೇಳುವುದು ಮಾತ್ರ ನಾವು. ಇದಕ್ಕೆ ಲೋಕಲ್ ಸಿಸ್ಟಮ್ ಅಕೌಂಟಿಗೆ ಹುಟ್ಟಿನಿಂದ ಬಂದ ಹಕ್ಕುಗಳೇ ಸಾಕು. ಸಿಗ್_ಸರ್ವರ್ ಬೇಡವೇ ಬೇಡ. ಡೊಮೈನ್ ತಂಡ ಖಾಲಿ ಬಿಟ್ಟ ಸಾಲು ಖಾಲಿಯಾಗಿಯೇ ಇರಬಹುದು.

ಮಾಡಿದ ಕೆಲಸ, ಅದರ ಕ್ರಮ

ಮೊದಲು ಎಸ್‌ಎಸ್‌ಎಚ್‌ಡಿ, ಕ್ರಾನ್ ಎರಡನ್ನೂ ನಿಲ್ಲಿಸಿ, ಸಿಗ್‌ರನ್‌ಸರ್ವ್‌ನಿಂದ ಸರ್ವೀಸುಗಳನ್ನು ತೆಗೆದೆವು. ಸಿಗ್‌ವಿನ್‌ನ ಮೂಲ ಫೈಲಾದ ಡಿಎಲ್‌ಎಲ್ ಬಳಕೆಯಲ್ಲಿದ್ದರೆ ಸೆಟಪ್ ಅದನ್ನು ಬದಲಾಯಿಸಲು ಒದ್ದಾಡುತ್ತದೆ, ಆಮೇಲೆ ರೀಬೂಟ್ ಕೇಳುತ್ತದೆ. ಅಪ್‌ಗ್ರೇಡ್ ಆದ ಮೇಲೆ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಮಾಡಿ ತೆರೆದ ಶೆಲ್‌ನಲ್ಲಿ ಎಸ್‌ಎಸ್‌ಎಚ್-ಹೋಸ್ಟ್-ಕಾನ್ಫಿಗ್ ಓಡಿಸಿದೆವು. ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಸ್ಕ್ರಿಪ್ಟು ನಿಮ್ಮ ಟೋಕನ್‌ನಲ್ಲಿರುವ ಗುಂಪುಗಳ ಪಟ್ಟಿಯನ್ನೇ ಮುಂದಿಟ್ಟು, ಇದರಲ್ಲಿ ಅಡ್ಮಿನ್ ಕಾಣುತ್ತಿಲ್ಲ ಅಂತ ಎಚ್ಚರಿಸುತ್ತದೆ. ಆ ಎಚ್ಚರಿಕೆ ಓದದೆ ಮುಂದೆ ಹೋಗುವವರೇ ಜಾಸ್ತಿ.

ಸರ್ವೀಸ್ ಈ ಸಲ ಲೋಕಲ್ ಸಿಸ್ಟಮ್ ಅಕೌಂಟಿನಲ್ಲಿ ಕೂತಿತು. ಹೆಸರು ಎಸ್‌ಎಸ್‌ಎಚ್‌ಡಿ ಅಲ್ಲ, ಸಿಗ್‌ಎಸ್‌ಎಸ್‌ಎಚ್‌ಡಿ. ಮೈಕ್ರೋಸಾಫ್ಟಿನ ಸರ್ವೀಸ್ ಕೂಡ ಎಸ್‌ಎಸ್‌ಎಚ್‌ಡಿ ಅನ್ನುವ ಹೆಸರನ್ನೇ ಇಟ್ಟುಕೊಂಡದ್ದರಿಂದ ಸಿಗ್‌ವಿನ್ ತನ್ನ ಹೆಸರು ಬದಲಾಯಿಸಿಕೊಂಡಿತು. ಇದರಿಂದ ಅಲ್ಲಿನ ಮಾನಿಟರಿಂಗ್ ಹಳೆಯ ಹೆಸರಿನ ಸರ್ವೀಸ್ ಕಾಣುತ್ತಿಲ್ಲ ಅಂತ ಕೂಗಿಕೊಂಡಿತು. ಅಲ್ಲೊಂದು ಪದ ತಿದ್ದಿದರೆ ಮುಗಿಯಿತು. ಕ್ರಾನ್ ಅನ್ನೂ ಅದರದೇ ಕಾನ್ಫಿಗ್ ಸ್ಕ್ರಿಪ್ಟಿನಿಂದ ಸಿಸ್ಟಮ್ ಹೆಸರಿಗೆ ತಂದೆವು. ಮಷಿನ್ ರೀಬೂಟ್ ಮಾಡಿ, ಯಾರೂ ಮುಟ್ಟದೆ ಕೀ ಲಾಗಿನ್ ಆಗುವುದನ್ನು ನೋಡಿದೆವು. ಇಂಥ ಪ್ರಕರಣದಲ್ಲಿ ರೀಬೂಟ್ ಮಾಡದೆ ಸರಿಯಾಯಿತು ಅನ್ನುವುದಕ್ಕೆ ಅರ್ಥವೇ ಇಲ್ಲ.

ಸಿಗ್_ಸರ್ವರ್ ಅಕೌಂಟನ್ನು ಅಳಿಸುವ ಮೊದಲು ಅದರ ಹೆಸರಿನಲ್ಲಿರುವ ಫೈಲುಗಳನ್ನು ಹುಡುಕಿ ಮಾಲೀಕತ್ವ ಬದಲಾಯಿಸಿದೆವು. ಮೊದಲು ಅಕೌಂಟ್ ಅಳಿಸಿದರೆ ಆ ಫೈಲುಗಳು ಪಟ್ಟಿಯಲ್ಲಿ 'ಅನ್‌ನೋನ್ ಪ್ಲಸ್ ಯೂಸರ್' ಅಂತ ಅನಾಥವಾಗಿ ಕಾಣುತ್ತವೆ. ಯಾರದಾಗಿತ್ತು ಅಂತ ಆಮೇಲೆ ಊಹಿಸುತ್ತಾ ಕೂರಬೇಕು. ಆಮೇಲೆ ಎಡಿಟ್‌ರೈಟ್ಸ್‌ನಿಂದ ಉಳಿದ ಹಕ್ಕುಗಳನ್ನು ಒಂದೊಂದಾಗಿ ತೆಗೆದು, ಕೊನೆಗೆ ಅಕೌಂಟ್ ಅಳಿಸಿದೆವು. ಸ್ಕ್ರಿಪ್ಟು ಹಾಕಿದ್ದನ್ನು ಕೈಯಿಂದ ಹಿಂದುಮುಂದಾಗಿ ಬಿಚ್ಚಿದ ಹಾಗೆ.

ಈ ಹುಡುಕಾಟದಲ್ಲೇ ಇನ್ನೊಂದು ಸಿಕ್ಕಿತು. ಎಲ್ಲರೂ ಓದಬಹುದಾದ ಒಂದು ಷೇರ್ಡ್ ಫೋಲ್ಡರಿನಲ್ಲಿ ಹಳೆಯ ಬ್ಯಾಚ್ ಫೈಲ್. ಎಸ್‌ಎಸ್‌ಎಚ್-ಹೋಸ್ಟ್-ಕಾನ್ಫಿಗ್‌ಗೆ ಪ್ರಶ್ನೆಗಳೇ ಬರದಂತೆ, ಎಲ್ಲದಕ್ಕೂ ಯೆಸ್ ಅಂತ ಹೇಳಿ, ಸಿಗ್_ಸರ್ವರ್‌ನ ಪಾಸ್‌ವರ್ಡನ್ನು ಆ ಸಾಲಿನಲ್ಲೇ ಬರೆದಿಟ್ಟಿದ್ದರು. ಹಲವು ಸರ್ವರುಗಳಲ್ಲಿ ಸಿಗ್‌ವಿನ್ ಹಾಕಬೇಕಾಗಿ ಬಂದಾಗ ಯಾರೋ ಕೈ ಉಳಿಸಲು ಮಾಡಿಕೊಂಡದ್ದು. ಅಡ್ಮಿನ್ ಗುಂಪಿನ, ಅವಧಿಯೇ ಮುಗಿಯದ, ಎಲ್ಲ ಸರ್ವರುಗಳಲ್ಲೂ ಒಂದೇ ಆದ ಪಾಸ್‌ವರ್ಡು ಬರಿಗಣ್ಣಿಗೆ ಕಾಣುತ್ತಿತ್ತು. ಸ್ಕ್ರಿಪ್ಟು ಪಾಸ್‌ವರ್ಡನ್ನು ಎರಡು ಸಲ ಬರೆಸಿಕೊಂಡು, ರಿಮೋಟ್ ಡೆಸ್ಕ್‌ಟಾಪ್ ನಿಷೇಧಿಸಿ, ಇಷ್ಟೆಲ್ಲ ಜಾಗರೂಕತೆ ಮಾಡಿದ್ದನ್ನು ಈ ಒಂದು ಸಾಲು ನೀರಿಗೆ ಹಾಕಿತ್ತು. ಹುಡುಗ ಅದನ್ನು ನೋಡಿ, "ಸರ್, ಇದು ಇದೆ ಅಂತ ಗೊತ್ತಿದ್ದಿದ್ರೆ ನಾನು ಪಾಸ್‌ವರ್ಡ್ ಬದಲಾಯಿಸ್ತಾನೇ ಇರ್ಲಿಲ್ಲ" ಅಂದ. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಉಳಿದ ಸರ್ವರುಗಳು

ಬ್ಯಾಚ್ ಫೈಲ್ ಸಿಕ್ಕಿದ ಮೇಲೆ ಬೇರೆ ಸರ್ವರುಗಳನ್ನೂ ನೋಡಲೇಬೇಕಾಯಿತು. ಪ್ರತಿಯೊಂದರಲ್ಲೂ ಸೆಕ್‌ಎಡಿಟ್ ಅನ್ನುವ ವಿಂಡೋಸ್ ಕಮಾಂಡಿನಿಂದ ಬಳಕೆದಾರರ ಹಕ್ಕುಗಳ ಭಾಗವನ್ನು ಒಂದು ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ, ಸೀ ಕ್ರಿಯೇಟ್ ಟೋಕನ್ ಪ್ರಿವಿಲೇಜ್ ಅನ್ನುವ ಸಾಲು ಹುಡುಕಿದೆವು. ಆರೋಗ್ಯವಾಗಿರುವ ಮಷಿನ್ನಿನಲ್ಲಿ ಆ ಸಾಲಿನಲ್ಲಿ ಯಾರ ಹೆಸರೂ ಇರಬಾರದು. ಪಾಲಿಸಿ ಬಂದ ಕಡೆಯೆಲ್ಲ ಸಾಲು ಖಾಲಿಯಾಗಿತ್ತು. ಆದರೆ ಅಕೌಂಟ್ ಹಾಗೇ ಉಳಿದಿತ್ತು, ಅಡ್ಮಿನ್ ಗುಂಪಿನಲ್ಲೂ ಉಳಿದಿತ್ತು. ಹಾಗಾಗಿ ಸಾಲು ನೋಡಿ ಸಮಾಧಾನಪಡದೆ ಅಕೌಂಟನ್ನೂ ಹುಡುಕಬೇಕು. ಸಿಗ್_ಸರ್ವರ್ ಮಾತ್ರವಲ್ಲ, ಎಸ್‌ಎಸ್‌ಎಚ್‌ಡಿ_ಸರ್ವರ್, ಕ್ರಾನ್_ಸರ್ವರ್ ಅನ್ನುವ ಇನ್ನೂ ಹಳೆಯ ಹೆಸರುಗಳೂ ಇರಬಹುದು.

ಒಂದು ಮಷಿನ್ನಿನಲ್ಲಿ ಮಾತ್ರ ಈ ಮದ್ದು ನಾಟಲಿಲ್ಲ. ತೂಕದ ಯಂತ್ರಕ್ಕೆ ಜೋಡಿಸಿದ ಸಾಫ್ಟ್‌ವೇರ್ ಇರುವ ಸರ್ವರ್ 2008. ಆ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲ. ಸಿಗ್‌ವಿನ್ 3.4ರಿಂದ ಸರ್ವರ್ 2008ಕ್ಕೂ ವಿಸ್ಟಾಗೂ ಬೆಂಬಲ ನಿಂತಿದೆ. ಮುಂದೆ ಅಪ್‌ಡೇಟೇ ಬರದ ಎಸ್‌ಎಸ್‌ಎಚ್ ಬಾಗಿಲನ್ನು ಅಂಥ ಮಷಿನ್ನಿನಲ್ಲಿ ತೆರೆದಿಡುವುದು ಬೇಡ ಅನಿಸಿತು. ಅಲ್ಲಿ ದಿಕ್ಕನ್ನೇ ತಿರುಗಿಸಿದೆವು. ಲಿನಕ್ಸ್ ಬಂದು ಎಳೆಯುವ ಬದಲು, ವಿಂಡೋಸೇ ಆರ್‌ಸಿಂಕ್‌ನಿಂದ ಲಿನಕ್ಸ್ ಕಡೆಗೆ ಕಳಿಸುತ್ತದೆ. ವಿಂಡೋಸ್‌ನಲ್ಲಿ ಎಸ್‌ಎಸ್‌ಎಚ್ ಸರ್ವರೂ ಬೇಡ, ಯಾರ ಟೋಕನ್ನೂ ಬೇಡ. ಬರೀ ಒಂದು ಷೆಡ್ಯೂಲ್ಡ್ ಟಾಸ್ಕ್, ಮಾಮೂಲಿ ಬಳಕೆದಾರನ ಹೆಸರಿನಲ್ಲಿ.

ಹಾಗಿದ್ದರೆ ಎಲ್ಲ ಕಡೆಯೂ ಹೀಗೇ ಮಾಡಬಹುದಿತ್ತಲ್ವಾ ಅಂತ ಹುಡುಗ ಕೇಳಿದ. ಮಾಡಬಹುದಿತ್ತು, ಆದರೆ ಕಳಿಸುವ ಮಷಿನ್ನಿಗೆ ಬ್ಯಾಕಪ್ ಮೇಲೆ ಬರೆಯುವ ಅಧಿಕಾರ ಕೊಟ್ಟ ಹಾಗಾಗುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಮಷಿನ್ನಿನ ಜೊತೆಗೆ ಬ್ಯಾಕಪ್ಪೂ ಹೋಗುತ್ತದೆ. ಎಳೆದುಕೊಳ್ಳುವ ವ್ಯವಸ್ಥೆಯಲ್ಲಿ ಆ ಭಯ ಕಡಿಮೆ. ಅದಕ್ಕೇ ಬಿಲ್ಲಿಂಗ್ ಮಷಿನ್ನಿನಲ್ಲಿ ಎಳೆಯುವುದನ್ನೇ ಉಳಿಸಿಕೊಂಡದ್ದು. ತೂಕದ ಮಷಿನ್ನಿಗೆ ಲಿನಕ್ಸ್ ಕಡೆ ಬೇರೆಯೇ ಒಂದು ಡೈರೆಕ್ಟರಿ ಮಾಡಿ, ಫೈಲುಗಳು ಬಂದು ಮುಗಿದ ಮೇಲೆ ಅದರ ಸ್ನಾಪ್‌ಶಾಟ್ (ಆ ಗಳಿಗೆಯ ಪ್ರತಿ) ತೆಗೆಯುವಂತೆ ಹಾಕಿದೆವು. ಆ ಸ್ನಾಪ್‌ಶಾಟನ್ನು ಅಳಿಸುವ ಹಕ್ಕು ವಿಂಡೋಸ್ ಕಡೆಯ ಯಾವ ಅಕೌಂಟಿಗೂ ಇಲ್ಲ.